ವಾರೆನ್ ಮನೆತನದ ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ಮನ್ನರ, ಅಂದರೆ ಉತ್ತರ ಫ್ರಾನ್ಸಿನ ನಾರ್ಮಂಡಿಯವರ, ವಂಶಾವಳಿ ಕೆದಕುವ ಚಟ ನನಗೆ ಹತ್ತಿ ಬಹಳ ವರ್ಷವಾಯಿತು. ಅದರಲ್ಲೂ ವಾರೆನ್ ಮನೆತನದ ಬಗ್ಗೆ ಬರುವ ಪ್ರಶ್ನೆಗಳು ಜಾಸ್ತಿ. ಕಾರಣ ಸುಲಭ. ಈ ಮನೆಗೆ ಒಂದು ರಾಜಕುಮಾರಿ, ಒಂದು ತುಕ್ಕು ಹಿಡಿದ ಕತ್ತಿ, ಒಬ್ಬ ಸಂತನ ಕೊಲೆ ಎಲ್ಲವೂ ಅಂಟಿಕೊಂಡಿವೆ. ಅವುಗಳಲ್ಲಿ ಯಾವುದು ನಿಜ, ಯಾವುದು ಆಮೇಲೆ ಸೇರಿಸಿದ್ದು ಅಂತ ಬಿಡಿಸುವುದೇ ಇಲ್ಲಿನ ಕೆಲಸ.

ಮೊದಲಿಗೆ, ಈ ವಾರೆನ್‌ಗಳು ಯಾರು?

ಇಂಗ್ಲೆಂಡಿನ ಸರ್ರಿ ಪ್ರಾಂತ್ಯದ ಅರ್ಲ್‌ಗಳು. ಅರ್ಲ್ ಅಂದರೆ ರಾಜನ ಕೆಳಗಿನ ದೊಡ್ಡ ಪಾಳೇಗಾರ ಅಂತ ಇಟ್ಟುಕೊಳ್ಳಿ. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಸಮುದ್ರ ದಾಟಿ ಇಂಗ್ಲೆಂಡ್ ಗೆದ್ದಾಗ ಅವನ ಜೊತೆ ಬಂದವರಲ್ಲಿ ಒಬ್ಬ ವಿಲಿಯಂ ಡಿ ವಾರೆನ್. ಅವನಿಂದ ಶುರುವಾದ ಅಧಿಕಾರ 1347ರವರೆಗೆ ನಡೆಯಿತು. ಸಸೆಕ್ಸ್‌ನ ಲೂಯಿಸ್, ನಾರ್ಫೋಕ್‌ನ ಕಾಸಲ್ ಏಕರ್, ಯಾರ್ಕ್‌ಷೈರ್‌ನ ಕಾನಿಸ್ಬರೊ, ಸರ್ರಿಯ ರೈಗೇಟ್ ಇವರ ಮುಖ್ಯ ಠಾಣೆಗಳು.

ಒಂದು ತೊಡಕಿದೆ. ಈ ಮನೆಯಲ್ಲಿ ಹುಟ್ಟಿದ ಅರ್ಲ್‌ಗಳಲ್ಲಿ ವಿಲಿಯಂ ಅನ್ನೋ ಹೆಸರು ನಾಲ್ಕು ಸಲ ಬರುತ್ತದೆ, ಜಾನ್ ಎರಡು ಸಲ. ಹಾಗಾಗಿ ಕೆಳಗೆ ‘ಒಂದನೇ ವಿಲಿಯಂ’, ‘ಎರಡನೇ ವಿಲಿಯಂ’ ಅಂತ ಬರೆದಾಗ ಅದು ವಾರೆನ್ ಮನೆಯ ಲೆಕ್ಕ. ಇಂಗ್ಲೆಂಡ್ ಗೆದ್ದ ದೊರೆಯನ್ನು ‘ವಿಜೇತ ವಿಲಿಯಂ’ ಅಂತ ಕರೆಯುತ್ತೇನೆ.

ವಾರೆನ್ ಅನ್ನೋ ಹೆಸರು ಎಲ್ಲಿಂದ ಬಂತು?

ಊರಿನ ಹೆಸರು. ಉತ್ತರ ನಾರ್ಮಂಡಿಯಲ್ಲಿ ವಾರೆನ್ ಎಂಬ ಸಣ್ಣ ನದಿ ಇದೆ. ಅದು ಆರ್ಕ್ ಊರಿನ ಬಳಿ ಬೇರೆ ಹೊಳೆಗಳ ಜೊತೆ ಸೇರಿ ಡಿಯೆಪ್ ಬಂದರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಆ ನದಿಯ ದಂಡೆಯಲ್ಲಿ ಅದೇ ಹೆಸರಿನ ಪುಟ್ಟ ಹಳ್ಳಿ ಇದೆ. ಮನೆತನದ ಮೂಲ ಅದು. ಆಮೇಲೆ ಅವರು ಅದೇ ನದಿಯ ಮೇಲ್ಭಾಗದ ಬೆಲಾಂಕೊಂಬ್ರ್‌ನಲ್ಲಿ ಕೋಟೆ ಮಾಡಿಕೊಂಡರು. ನಮ್ಮಲ್ಲಿ ಹೆಸರಿನ ಹಿಂದೆ ಊರು ಬರುವಂತೆಯೇ ಇದು. ‘ಡಿ’ ಅಂದರೆ ‘ಇಂಥ ಊರಿನ’ ಅಂತ ಅಷ್ಟೇ, ಬಿರುದೇನೂ ಅಲ್ಲ.

ಒಂದನೇ ವಿಲಿಯಂನ ಅಪ್ಪ ಯಾರು? ಒಂದೊಂದು ಕಡೆ ಒಂದೊಂದು ಹೆಸರು ಇದೆಯಲ್ಲ?

ಅಪ್ಪನ ಹೆಸರು ರೊಡಲ್ಫ್. ಇದಕ್ಕೆ ಆಧಾರ ದಾನಪತ್ರಗಳು. ರುವಾಂ ನಗರದ ಹೋಲಿ ಟ್ರಿನಿಟಿ ಮಠದ ದಾಖಲೆಗಳಲ್ಲಿ ರೊಡಲ್ಫ್ ಡಿ ವಾರೆನ್ ಜಮೀನು ಕೊಡುವುದು, ಮಾರುವುದು ಬರುತ್ತದೆ. ಒಂದು ಕಡೆ ಅವನ ಹೆಂಡತಿ ಬಿಯಾಟ್ರಿಸ್, ಇನ್ನೊಂದು ಕಡೆ ಎಮ್ಮಾ. ಮೊದಲು ವಿದ್ವಾಂಸರು ಇದನ್ನು ಒಬ್ಬನೇ ರೊಡಲ್ಫ್, ಇಬ್ಬರು ಹೆಂಡಿರು ಅಂತ ಓದಿದರು. ಆಮೇಲೆ ಬಂದವರು ಅಪ್ಪನೂ ರೊಡಲ್ಫ್, ಮಗನೂ ರೊಡಲ್ಫ್ ಅಂತ ಬಿಡಿಸಿದರು. ಅಪ್ಪ ರೊಡಲ್ಫ್‌ಗೆ ಬಿಯಾಟ್ರಿಸ್, ಮಗ ರೊಡಲ್ಫ್‌ಗೆ ಎಮ್ಮಾ. ಒಂದನೇ ವಿಲಿಯಂ ಈ ಎಮ್ಮಾಳ ಮಗ. ನನಗೆ ಈ ಎರಡನೇ ಓದೇ ಹೆಚ್ಚು ಹಿಡಿಸುತ್ತದೆ. ಅಪ್ಪ ಮಗ ಒಂದೇ ಹೆಸರಿಟ್ಟುಕೊಳ್ಳುವುದು ಆ ಕಾಲದಲ್ಲಿ ದಿನನಿತ್ಯದ ಮಾತು.

ಹಾಗಾದರೆ ಗೊಂದಲ ಹೇಗೆ ಹುಟ್ಟಿತು? ಟೊರಿನಿಯ ರಾಬರ್ಟ್ ಎಂಬ ಸನ್ಯಾಸಿಯಿಂದ. ಇವನು 12ನೇ ಶತಮಾನದಲ್ಲಿ ನಾರ್ಮನ್ ಡ್ಯೂಕರ ಹಳೆಯ ಚರಿತ್ರೆಯೊಂದಕ್ಕೆ ವಂಶಾವಳಿಗಳನ್ನು ಸೇರಿಸಿದ. ಅದರಲ್ಲಿ ಒಂದನೇ ವಿಲಿಯಂ ಮತ್ತು ಮೊರ್ತೆಮೆರ್‌ನ ರೋಜರ್ ಇಬ್ಬರೂ ಅಣ್ಣತಮ್ಮ ಅಂತ ಬರೆದ. ಘಟನೆ ನಡೆದು ನೂರು ವರ್ಷವಾದ ಮೇಲೆ, ಬಾಯಿಮಾತು ಕೇಳಿ ಬರೆದದ್ದು. ಅವನಿಗಿಂತ ಮುಂಚಿನ ಚರಿತ್ರೆಕಾರ ಓರ್ಡೆರಿಕ್ ಇವರಿಬ್ಬರನ್ನು ನೆಂಟರು ಅಂತಷ್ಟೇ ಹೇಳುತ್ತಾನೆ. ವಯಸ್ಸೂ ಹೊಂದುವುದಿಲ್ಲ. 1054ರಲ್ಲಿ ರೋಜರ್ ದೊಡ್ಡ ಸೇನಾಪತಿ, ವಿಲಿಯಂ ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ.

ಡಚೆಸ್ ಗುನ್ನೋರ್ ಇವರ ಅಜ್ಜಿಯಂತೆ, ಹೌದಾ?

ಅಜ್ಜಿ ಅಲ್ಲ. ಗುನ್ನೋರ್ ಡ್ಯೂಕ್ ಒಂದನೇ ರಿಚರ್ಡ್‌ನ ಹೆಂಡತಿ, ಡೇನರ ಮೂಲದವಳು. ಅವಳಿಗೆ ಅಕ್ಕತಂಗಿಯರಿದ್ದರು, ಆ ಅಕ್ಕತಂಗಿಯರಿಗೆ ಹೆಣ್ಣುಮಕ್ಕಳಿದ್ದರು. ಈ ಹೆಣ್ಣುಮಕ್ಕಳು ಅರ್ಧ ನಾರ್ಮಂಡಿಯ ಜಮೀನ್ದಾರರನ್ನು ಮದುವೆಯಾದರು. ವಾರೆನ್‌ಗಳ ರಕ್ತಸಂಬಂಧವೂ ಇಂಥ ಒಬ್ಬಳ ಮೂಲಕವೇ ಅಂತ ಟೊರಿನಿಯ ರಾಬರ್ಟ್ ಹೇಳುತ್ತಾನೆ. ವಿವರದಲ್ಲಿ ತಪ್ಪಿದ್ದರೂ ಈ ಒಂದು ಮಾತಿನಲ್ಲಿ ಹುರುಳಿದೆ. ಆ ಹೆಣ್ಣು ಬಿಯಾಟ್ರಿಸ್ ಇರಬೇಕು ಎಂಬ ವಾದವಿದೆ.

ಲ್ಯಾಟಿನ್ನಿನಲ್ಲಿ ಒಂದು ಕಿರಿಕಿರಿ ಇದೆ. ಸೋದರಳಿಯನಿಗೂ ಮೊಮ್ಮಗನಿಗೂ ಅವರು ಒಂದೇ ಪದ ಬಳಸುತ್ತಾರೆ, ‘ನೆಪೋಸ್’. ಹೆಣ್ಣಾದರೆ ‘ನೆಪ್ಟಿಸ್’. ಯಾರು ಯಾರಿಗೆ ಏನಾಗಬೇಕು ಅಂತ ಪದ ನೋಡಿ ಹೇಳಲಾಗದು. ನಗಬೇಡಿ, ನಮ್ಮ ‘ಸೊಸೆ’, ‘ಅಳಿಯ’ ಕಥೆಯೂ ಅದೇ ಅಲ್ವಾ? ಮಗನ ಹೆಂಡತಿಯೂ ಸೊಸೆ, ಅಣ್ಣನ ಮಗಳೂ ಸೊಸೆ. ಇನ್ನೂರು ವರ್ಷ ಬಿಟ್ಟು ನಮ್ಮ ಕಾಗದ ಓದುವವನ ಪಾಡೂ ಅಷ್ಟೇ.

ಒಂದನೇ ವಿಲಿಯಂ ಎರಡನೇ ಮಗನಂತೆ, ಇಷ್ಟು ಶ್ರೀಮಂತ ಹೇಗಾದ?

ಬೇರೆಯವನು ಕಳೆದುಕೊಂಡದ್ದರಿಂದ. 1054ರಲ್ಲಿ ಫ್ರಾನ್ಸಿನ ಸೇನೆ ನಾರ್ಮಂಡಿಗೆ ನುಗ್ಗಿತು, ಮೊರ್ತೆಮೆರ್‌ನಲ್ಲಿ ಸೋತಿತು. ಗೆದ್ದ ಕಡೆಯ ರೋಜರ್, ಸೋತ ಕಡೆಯ ಒಬ್ಬ ಕೌಂಟ್‌ನನ್ನು ಹಿಂದಿನ ಸ್ವಾಮಿನಿಷ್ಠೆಗೆ ಕಟ್ಟುಬಿದ್ದು ತಪ್ಪಿಸಿಕೊಳ್ಳಲು ಬಿಟ್ಟ. ಡ್ಯೂಕ್‌ಗೆ ಸಿಟ್ಟು ಬಂತು. ರೋಜರ್‌ನಿಂದ ಮೊರ್ತೆಮೆರ್ ಕೋಟೆ ಕಿತ್ತು ವಾರೆನ್ ಹುಡುಗನಿಗೆ ಕೊಟ್ಟ. ‘ಇಬ್ಬರೂ ಅಣ್ಣತಮ್ಮ’ ಅನ್ನೋ ತಪ್ಪು ಹುಟ್ಟಿದ್ದಕ್ಕೂ ಇದೇ ಕಾರಣ ಇರಬಹುದು ಅಂತ ನನಗನಿಸುತ್ತದೆ. ಒಂದೇ ಕೋಟೆ ಒಬ್ಬನಾದ ಮೇಲೆ ಒಬ್ಬನಿಗೆ ಬಂದರೆ ನೋಡುವವರಿಗೆ ಅಣ್ಣತಮ್ಮಂದಿರಂತೆ ಕಾಣುತ್ತದೆ.

ಇಂಗ್ಲೆಂಡ್ ಗೆದ್ದುಕೊಟ್ಟ 1066ರ ಹೇಸ್ಟಿಂಗ್ಸ್ ಕದನದಲ್ಲಿ ಇದ್ದರು ಅಂತ ಖಚಿತವಾಗಿ ಹೇಳಬಹುದಾದವರು ಬೆರಳೆಣಿಕೆಯಷ್ಟು ಜನ. ಒಂದನೇ ವಿಲಿಯಂ ಅವರಲ್ಲಿ ಒಬ್ಬ. ಅದಕ್ಕೆ ಸಿಕ್ಕ ಬಹುಮಾನ 1086ರಲ್ಲಿ ರಾಜ ಮಾಡಿಸಿದ ಡೂಮ್ಸ್‌ಡೇ ಎಂಬ ಜಮೀನು ಸರ್ವೆಯಲ್ಲಿ ಕಾಣುತ್ತದೆ, ಹತ್ತಕ್ಕೂ ಹೆಚ್ಚು ಕೌಂಟಿಗಳಲ್ಲಿ ಅವನ ಜಮೀನು. 1088ರಲ್ಲಿ ಸರ್ರಿಯ ಅರ್ಲ್ ಆದ. ಅದೇ ವರ್ಷ ಪೆವೆನ್ಸಿ ಕೋಟೆಯ ಮುತ್ತಿಗೆಯಲ್ಲಿ ಬಾಣ ತಗುಲಿ, ಲೂಯಿಸ್‌ನಲ್ಲಿ ತೀರಿಕೊಂಡ.

ಅವನ ಹೆಂಡತಿ ಗುಂಡ್ರಾಡಾ ವಿಜೇತ ವಿಲಿಯಂನ ಮಗಳಾ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ.

ನಾನೂ ಮೊದಲು ನಂಬಿದ್ದೆ. ವಂಶವೃಕ್ಷ ಬರೆಯಲು ಶುರು ಮಾಡಿದ ಹೊಸದರಲ್ಲಿ ಒಂದು ಅಂತರ್ಜಾಲ ತಾಣದಿಂದ ಇಡೀ ಕೊಂಬೆಯನ್ನು ಸುಮ್ನೆ ಎತ್ತಿ ನನ್ನ ಹಾಳೆಗೆ ಅಂಟಿಸಿದೆ. ಗುಂಡ್ರಾಡಾಳ ಮೇಲೆ ರಾಜ, ರಾಣಿ ಕೂತರು. ಆಮೇಲೆ ಅವಳಿಂದ ಮೇಲಿದ್ದ ನಲವತ್ತಕ್ಕೂ ಹೆಚ್ಚು ಹೆಸರನ್ನು ಒಂದೊಂದಾಗಿ ಹೊಡೆದುಹಾಕಬೇಕಾಯಿತು. ಒಂದು ಭಾನುವಾರ ಪೂರ್ತಿ ಹೋಯಿತು.

ಕಥೆ ಹುಟ್ಟಿದ್ದು ಲೂಯಿಸ್ ಮಠದಲ್ಲಿ. ಒಂದನೇ ವಿಲಿಯಂ ಮತ್ತು ಗುಂಡ್ರಾಡಾ ಸುಮಾರು 1077ರಲ್ಲಿ ಕಟ್ಟಿಸಿದ ಮಠ ಅದು, ಫ್ರಾನ್ಸಿನ ಕ್ಲೂನಿ ಮಠದ ಪಂಥದವರಿಗೆ ಇಂಗ್ಲೆಂಡಿನಲ್ಲಿ ಮೊದಲನೆಯದು. ಮಠದವರ ಬಳಿ ಎರಡು ದಾಖಲೆ ಇದ್ದವು. ಒಂದರಲ್ಲಿ ಒಂದನೇ ವಿಲಿಯಂ ‘ನನ್ನ ಹೆಂಡತಿಯ ತಾಯಿ ರಾಣಿ ಮಟಿಲ್ಡಾ’ ಅಂತ ಹೇಳುತ್ತಾನೆ. ಮಟಿಲ್ಡಾ ಅಂದರೆ ವಿಜೇತ ವಿಲಿಯಂನ ಹೆಂಡತಿ. ಇನ್ನೊಂದರಲ್ಲಿ ರಾಜನೇ ಗುಂಡ್ರಾಡಾಳನ್ನು ‘ನನ್ನ ಮಗಳು’ ಅನ್ನುತ್ತಾನೆ. ಮೊದಲನೆಯದು ಮಠದವರು ಆಮೇಲೆ ತಮಗೆ ಬೇಕಾದಂತೆ ಹೆಣೆದ ಪತ್ರ. ಎರಡನೆಯದರಲ್ಲಿ ‘ನನ್ನ ಮಗಳು’ ಅನ್ನೋ ಮಾತು ನಂತರ ತುರುಕಿದ್ದು. ಮಠ ಕಟ್ಟಿಸಿದವಳು ರಾಜಕುಮಾರಿ ಅಂತಾದರೆ ಮಠದ ತೂಕ ಎಷ್ಟು ಹೆಚ್ಚುತ್ತದೆ ನೋಡಿ.

19ನೇ ಶತಮಾನದಲ್ಲಿ ಇದಕ್ಕೆ ಒಂದು ತೇಪೆ ಹಾಕಿದರು. ಗುಂಡ್ರಾಡಾ ರಾಜನ ಮಗಳಲ್ಲ, ಆದರೆ ಮಟಿಲ್ಡಾಗೆ ಮೊದಲ ಗಂಡನಿಂದ ಹುಟ್ಟಿದವಳು ಅಂತ ಥಾಮಸ್ ಸ್ಟೇಪಲ್ಟನ್ ಎಂಬ ವಿದ್ವಾಂಸ ವಾದ ಮಾಡಿದ. 1049ರಲ್ಲಿ ಪೋಪ್, ಮಟಿಲ್ಡಾಳ ಮದುವೆ ಬೇಡ ಅಂದಿದ್ದಕ್ಕೂ ಇದರಿಂದ ಕಾರಣ ಸಿಗುತ್ತಿತ್ತು. ಜಾಣ ವಾದವೇ.

ಆದರೆ ಒಂದು ಕಾಗದ ಎಲ್ಲವನ್ನೂ ಕೆಡವಿತು. ಎರಡನೇ ವಿಲಿಯಂ, ಅಂದರೆ ಗುಂಡ್ರಾಡಾಳ ಮಗ, ವಿಜೇತ ವಿಲಿಯಂ ಮತ್ತು ಮಟಿಲ್ಡಾರ ಮಗನಾದ ರಾಜ ಒಂದನೇ ಹೆನ್ರಿಯ ಮಗಳೊಬ್ಬಳನ್ನು ಮದುವೆಯಾಗುವ ಮಾತು ಬಂತು. ಹೆನ್ರಿಗೆ ಮದುವೆಯಾಚೆ ಹುಟ್ಟಿದ ಮಕ್ಕಳು ಬೇಕಾದಷ್ಟು, ಅವರಲ್ಲಿ ಒಬ್ಬಳು. ಹೆನ್ರಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್‌ನನ್ನು ಕೇಳಿದ. ಆನ್ಸೆಲ್ಮ್ ಉತ್ತರ ಬರೆದ: ಇವರು ನೆಂಟರು, ಒಂದು ಕಡೆ ನಾಲ್ಕನೇ ತಲೆ, ಇನ್ನೊಂದು ಕಡೆ ಆರನೇ ತಲೆ, ಮದುವೆ ಕೂಡದು.

ಈಗ ಲೆಕ್ಕ ಹಾಕಿ. ಗುಂಡ್ರಾಡಾ ರಾಜನ ಮಗಳಾಗಿದ್ದರೆ ಅವಳು ಹೆನ್ರಿಗೆ ಒಡಹುಟ್ಟಿದವಳು. ಮಟಿಲ್ಡಾಳ ಮೊದಲ ಗಂಡನ ಮಗಳಾಗಿದ್ದರೂ ತಾಯಿ ಒಬ್ಬಳೇ, ಹೆನ್ರಿಗೆ ಅಕ್ಕನೇ. ಆಗ ಮದುಮಗ, ಮದುಮಗಳಿಗೆ ಸೋದರತ್ತೆಯ ಮಗ ಆಗಬೇಕು. ಎರಡೂ ಕಡೆ ಎರಡೇ ತಲೆ! ನಮ್ಮ ಎಷ್ಟೋ ಮನೆಗಳಲ್ಲಾದರೆ ‘ಸೋದರಿಕೆ ಸಂಬಂಧ, ಮುಹೂರ್ತ ಇಡಿ’ ಅನ್ನುತ್ತಿದ್ದರು. ಅವರ ಚರ್ಚಿನಲ್ಲಿ ಅದು ಮಹಾಪಾಪ. ಕಣ್ಣೆದುರು ಅಷ್ಟು ದೊಡ್ಡ ಅಡ್ಡಿ ಇದ್ದರೆ ಆನ್ಸೆಲ್ಮ್ ಅದನ್ನು ಬಿಟ್ಟು ನಾಲ್ಕನೇ ತಲೆ, ಆರನೇ ತಲೆ ಅಂತ ಹುಡುಕಿಕೊಂಡು ಹೋಗುತ್ತಿದ್ದನೇ? ಮದುವೆ ಆಗಲಿಲ್ಲ. ಆದರೆ ಆಗದ ಆ ಮದುವೆಯ ಕಾಗದ ಆದ ಎಷ್ಟೋ ಮದುವೆಗಳ ದಾಖಲೆಗಿಂತ ಹೆಚ್ಚು ಉಪಯೋಗಕ್ಕೆ ಬಂತು.

‘ತಲೆ’ ಎಣಿಸುವುದು ಹೇಗೆ?

ಗಂಡಿನಿಂದ ಶುರು ಮಾಡಿ ಇಬ್ಬರಿಗೂ ಸಾಮಾನ್ಯನಾದ ಹಿರಿಯನವರೆಗೆ ಮೆಟ್ಟಿಲು ಎಣಿಸಿ. ಹೆಣ್ಣಿನಿಂದಲೂ ಹಾಗೇ. ಅಪ್ಪ ಅಮ್ಮ ಒಂದು, ಅಜ್ಜ ಅಜ್ಜಿ ಎರಡು, ಮುತ್ತಜ್ಜ ಮೂರು. ಆಗಿನ ಚರ್ಚಿನ ನಿಯಮದಲ್ಲಿ ಏಳು ಮೆಟ್ಟಿಲಿನ ಒಳಗೆ ಮದುವೆ ನಿಷಿದ್ಧ. ಏಳು ಮೆಟ್ಟಿಲು ಹತ್ತಿದರೆ ದೊಡ್ಡಮನೆಯವರೆಲ್ಲ ಒಬ್ಬರಿಗೊಬ್ಬರು ನೆಂಟರೇ. ಹಾಗಾಗಿ ನಿಯಮ ಬೇಕಾದಾಗ ನೆನಪಾಗುತ್ತಿತ್ತು, ಬೇಡವಾದಾಗ ಮರೆತುಹೋಗುತ್ತಿತ್ತು. 1215ರಲ್ಲಿ ಇದನ್ನು ನಾಲ್ಕಕ್ಕೆ ಇಳಿಸಿದರು. ಈ ಮೆಟ್ಟಿಲುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಬೇಕು.

ಹಾಗಾದರೆ ಗುಂಡ್ರಾಡಾ ಯಾರ ಮಗಳು?

ಫ್ಲಾಂಡರ್ಸ್‌ನ ಹುಡುಗಿ. ಓರ್ಡೆರಿಕ್ ಅವಳನ್ನು ಗೆರ್ಬೋದ್‌ನ ತಂಗಿ ಅಂತ ಕರೆಯುತ್ತಾನೆ. ಈ ಗೆರ್ಬೋದ್ ಸ್ವಲ್ಪ ಕಾಲ ಚೆಸ್ಟರ್‌ನ ಅರ್ಲ್ ಆಗಿದ್ದ. ಅವರದು ಸೇಂಟ್ ಓಮರ್ ಊರಿನ ಸೇಂಟ್ ಬರ್ಟಿನ್ ಮಠಕ್ಕೆ ವಂಶಪಾರಂಪರ್ಯವಾಗಿ ರಕ್ಷಕರಾಗಿದ್ದ ಮನೆ. ಇನ್ನೊಬ್ಬ ಸೋದರ ಫ್ರೆಡರಿಕ್, ಇಂಗ್ಲೆಂಡಿನಲ್ಲಿ ದಂಗೆಯೆದ್ದ ಹೆರೆವರ್ಡ್‌ನ ಕೈಯಲ್ಲಿ ಸತ್ತ. ಅವನ ನಾರ್ಫೋಕ್‌ನ ಜಮೀನು ಭಾವನಾದ ಒಂದನೇ ವಿಲಿಯಂಗೆ ಬಂತು. ಡೂಮ್ಸ್‌ಡೇಯಲ್ಲಿ ಅದನ್ನು ‘ಫ್ರೆಡರಿಕ್‌ನ ಜಮೀನು’ ಅಂತಲೇ ಗುರುತಿಸಿದ್ದಾರೆ. ಗಟ್ಟಿ ಸಾಕ್ಷಿ ಅಂದರೆ ಇಂಥದ್ದು. ಯಾರೂ ಹೆಮ್ಮೆಗೆ ಬರೆದದ್ದಲ್ಲ, ತೆರಿಗೆಗೆ ಬರೆದದ್ದು.

ಅವಳ ಸಮಾಧಿಯ ಮೇಲೆ ‘ಡ್ಯೂಕರ ಕುಡಿ’ ಅಂತ ಬರೆದಿದೆಯಲ್ಲ?

ಬರೆದಿದೆ. ಕಪ್ಪು ಕಲ್ಲಿನ ಚಪ್ಪಡಿ, ಅಂಚಿನ ಸುತ್ತ ಮತ್ತು ನಡುವೆ ಉದ್ದಕ್ಕೆ ಲ್ಯಾಟಿನ್ ಪದ್ಯ. ಆದರೆ ಕಲ್ಲು ಕೆತ್ತಿದ್ದು 12ನೇ ಶತಮಾನದ ನಡುಭಾಗದಲ್ಲಿ. ಗುಂಡ್ರಾಡಾ ಸತ್ತದ್ದು 1085ರಲ್ಲಿ, ಕಾಸಲ್ ಏಕರ್‌ನಲ್ಲಿ, ಹೆರಿಗೆಯಲ್ಲಿ. ಎರಡು ತಲೆಮಾರು ಕಳೆದ ಮೇಲೆ ಕವಿ ಹೊಗಳಿದ್ದನ್ನು ಜನನಪತ್ರ ಅಂತ ಓದಲಾಗದು. ನಮ್ಮ ಶಾಸನಗಳ ಪ್ರಶಸ್ತಿ ಭಾಗ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಲ್ಲಿನ ಪಯಣ ಮಾತ್ರ ಸ್ವಾರಸ್ಯ. 1530ರ ದಶಕದಲ್ಲಿ ಲೂಯಿಸ್ ಮಠ ಮುಚ್ಚಿಸಿ ಕೆಡವಿದರು. ಚಪ್ಪಡಿಯನ್ನು ಯಾರೋ ಹೊತ್ತೊಯ್ದು ಐಸ್‌ಫೀಲ್ಡ್ ಊರಿನ ಚರ್ಚಿನಲ್ಲಿ ಇನ್ನೊಬ್ಬರ ಗೋರಿಗೆ ಬಳಸಿಬಿಟ್ಟಿದ್ದರು. 1770ರ ದಶಕದಲ್ಲಿ ಅದು ಕಣ್ಣಿಗೆ ಬಿತ್ತು, ಲೂಯಿಸ್‌ನ ಸೌತೋವರ್ ಚರ್ಚಿಗೆ ಬಂತು. ಆಮೇಲೆ 1845ರ ಅಕ್ಟೋಬರ್‌ನಲ್ಲಿ ರೈಲು ಹಳಿಗಾಗಿ ಮಠದ ನೆಲ ಅಗೆಯುತ್ತಿದ್ದ ಕೂಲಿಗಳಿಗೆ ಎರಡು ಸೀಸದ ಪೆಟ್ಟಿಗೆ ಸಿಕ್ಕವು. ಒಂದೊಂದೂ ಸುಮಾರು ಮೂರು ಅಡಿ ಉದ್ದ. ಒಂದರ ಮುಚ್ಚಳದ ಮೇಲೆ ‘ಗುಂಡ್ರಾಡಾ’, ಇನ್ನೊಂದರ ಮೇಲೆ ‘ವಿಲ್ಲೆಲ್ಮ್’. ಒಳಗೆ ಮೂಳೆಗಳು. ಮೂರಡಿಯಲ್ಲಿ ದೊಡ್ಡವರ ಹೆಣ ಹಿಡಿಸುವುದಿಲ್ಲ. ಅಂದರೆ ಮಠವನ್ನು ಮತ್ತೆ ಕಟ್ಟಿದಾಗ ಮೂಳೆಗಳನ್ನು ಆರಿಸಿ ಈ ಪೆಟ್ಟಿಗೆಗಳಿಗೆ ತುಂಬಿದ್ದರು. 1847ರಲ್ಲಿ ಸೌತೋವರ್ ಚರ್ಚಿನಲ್ಲಿ ಅವಕ್ಕೆ ಒಂದು ಪುಟ್ಟ ಕೋಣೆ ಕಟ್ಟಿದರು. ಬೇರೆಯಾಗಿದ್ದ ಕಲ್ಲು ಮತ್ತು ಮೂಳೆ ಮತ್ತೆ ಒಂದೇ ಸೂರಿನಡಿ ಬಂದವು.

ಶಾರ್ಲಮೇನ್ ಚಕ್ರವರ್ತಿಯ ವಂಶ ಅನ್ನೋದೂ ಸುಳ್ಳೇ?

ಇಲ್ಲ, ಇದು ನಿಜ. ಆದರೆ ಎರಡನೇ ವಿಲಿಯಂನ ಮಕ್ಕಳಿಂದ ಮುಂದಕ್ಕೆ ಮಾತ್ರ. ಅವನ ಹೆಂಡತಿ ಇಸಬೆಲ್, ವೆರ್ಮಾಂದ್ವಾ ಮನೆಯವಳು. ಅಪ್ಪ ಹ್ಯೂ ಫ್ರಾನ್ಸ್ ರಾಜನ ಮಗ, ಹ್ಯೂನ ತಾಯಿ ಕೀವ್‌ನ ಆನ್. ಇಸಬೆಲ್‌ಳ ತಾಯಿ ಅಡಿಲೇಡ್ ಕಡೆಯಿಂದ ಇಟಲಿಯ ದೊರೆ ಬರ್ನಾರ್ಡ್ ಮೂಲಕ ಶಾರ್ಲಮೇನ್‌ವರೆಗೆ ಕೊಂಡಿ ತುಂಡಾಗದೆ ಹೋಗುತ್ತದೆ. ನೋಡಿ, ಸುಳ್ಳು ರಾಜಕುಮಾರಿಗಾಗಿ ಜನ ಇಷ್ಟು ಕಷ್ಟಪಟ್ಟರು. ನಿಜವಾದ ರಾಜವಂಶದವಳು ಮುಂದಿನ ತಲೆಮಾರಿನಲ್ಲೇ ಸೊಸೆಯಾಗಿ ಬಂದಿದ್ದಳು.

ಇಸಬೆಲ್‌ಗೆ ಇದು ಎರಡನೇ ಮದುವೆ. ಮೊದಲ ಗಂಡ ಮೆಲಾಂನ ರಾಬರ್ಟ್ 1118ರಲ್ಲಿ ಸತ್ತ. ಅವನು ಬದುಕಿದ್ದಾಗಲೇ ಅವಳನ್ನು ಒಬ್ಬ ಅರ್ಲ್ ಒಲಿಸಿಕೊಂಡಿದ್ದ ಅಂತ ಆ ಕಾಲದ ಚರಿತ್ರೆಕಾರನೊಬ್ಬ ಹೆಸರು ಹೇಳದೆ ಬರೆದಿದ್ದಾನೆ. ಹೆಸರು ಊಹಿಸುವುದು ಕಷ್ಟವಲ್ಲ.

ವಾರೆನ್‌ಗಳ ಲಾಂಛನ, ಚಿನ್ನದ ಬಣ್ಣ ಮತ್ತು ನೀಲಿಯ ಚದುರಂಗದ ಮನೆಗಳು, ವೆರ್ಮಾಂದ್ವಾ ಕಡೆಯಿಂದಲೇ ಬಂದದ್ದು. ಇವತ್ತಿಗೂ ಸರ್ರಿ ಕೌಂಟಿಯ ಬಾವುಟದಲ್ಲಿ ಅದೇ ಚೌಕಗಳಿವೆ.

ಸ್ಕಾಟ್ಲೆಂಡಿನ ರಾಜರಿಗೂ ಇವರಿಗೂ ಏನು ಸಂಬಂಧ?

ಎರಡನೇ ವಿಲಿಯಂ ಮತ್ತು ಇಸಬೆಲ್‌ರ ಮಗಳು ಏಡಾ 1139ರಲ್ಲಿ ಸ್ಕಾಟ್ಲೆಂಡಿನ ರಾಜಕುಮಾರ ಹೆನ್ರಿಯನ್ನು ಮದುವೆಯಾದಳು. ಅವಳ ಇಬ್ಬರು ಮಕ್ಕಳು ರಾಜರಾದರು, ನಾಲ್ಕನೇ ಮಾಲ್ಕಮ್ ಮತ್ತು ‘ಸಿಂಹ’ ವಿಲಿಯಂ. ಈಗಿನ ಬ್ರಿಟಿಷ್ ರಾಜಮನೆತನದ ರಕ್ತದಲ್ಲಿ ವಾರೆನ್ ಪಾಲು ಇರುವುದು ಹೀಗೆ.

ಗಂಡು ಸಂತಾನ 1347ರವರೆಗೆ ನೇರವಾಗಿ ಬಂದಿದೆಯಾ?

ಬಂದಿಲ್ಲ. ಅದು 1148ರಲ್ಲೇ ಮುಗಿಯಿತು. ಮೂರನೇ ವಿಲಿಯಂ ಎರಡನೇ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೋಗಿ ಅನಟೋಲಿಯದ ಬೆಟ್ಟದ ದಾರಿಯಲ್ಲಿ ಆ ವರ್ಷದ ಜನವರಿಯಲ್ಲಿ ಸತ್ತ. ಉಳಿದದ್ದು ಒಬ್ಬಳೇ ಮಗಳು, ಅವಳೂ ಇಸಬೆಲ್. ಅವಳನ್ನು ರಾಜ ಸ್ಟೀಫನ್‌ನ ಮಗ ವಿಲಿಯಂಗೆ ಕೊಟ್ಟರು. ಅವನು 1159ರಲ್ಲಿ ಮಕ್ಕಳಿಲ್ಲದೆ ಸತ್ತ. ಅಷ್ಟು ಆಸ್ತಿ ಇರುವ ವಿಧವೆಯ ಮೇಲೆ ಎಲ್ಲರ ಕಣ್ಣು.

ಮೊದಲು ಬಂದವನು ರಾಜ ಎರಡನೇ ಹೆನ್ರಿಯ ತಮ್ಮ, ಇನ್ನೊಬ್ಬ ವಿಲಿಯಂ. ಆಗ ಕ್ಯಾಂಟರ್ಬರಿಯಲ್ಲಿದ್ದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಬೇಡ ಅಂದ. ಇಸಬೆಲ್‌ಳ ಸತ್ತ ಗಂಡನಿಗೂ ಈ ಹುಡುಗನಿಗೂ ವಿಜೇತ ವಿಲಿಯಂನ ಕಡೆಯಿಂದ ನೆಂಟಸ್ತನ, ಚರ್ಚಿನ ಲೆಕ್ಕದಲ್ಲಿ ಗಂಡನ ನೆಂಟರೂ ನೆಂಟರೇ. ಹುಡುಗ 1164ರ ಜನವರಿಯಲ್ಲಿ ರುವಾಂನಲ್ಲಿ ತೀರಿಕೊಂಡ, ಮನಸ್ಸಿನ ನೋವಿನಿಂದಲೇ ಸತ್ತ ಅಂತ ಜನ ಆಡಿಕೊಂಡರು. ಹೆಚ್ಚುಕಡಿಮೆ ಏಳು ವರ್ಷದ ಮೇಲೆ, 1170ರ ಡಿಸೆಂಬರ್ 29ರಂದು ನಾಲ್ವರು ನೈಟ್‌ಗಳು, ಆಮೇಲೆ ಸಂತನೆನಿಸಿದ ಬೆಕೆಟ್‌ನನ್ನು ಚರ್ಚಿನೊಳಗೇ ಕಡಿದರು. ಅವರಲ್ಲಿ ಒಬ್ಬ, ರಿಚರ್ಡ್ ಬ್ರಿಟೊ, ಕತ್ತಿ ಬೀಸುವಾಗ ಇದು ರಾಜನ ತಮ್ಮ ನನ್ನೊಡೆಯ ವಿಲಿಯಂಗಾಗಿ ಅಂದನಂತೆ. ಒಂದು ಮೆಟ್ಟಿಲು ಲೆಕ್ಕ ಎಲ್ಲಿಯವರೆಗೆ ಹೋಯಿತು ನೋಡಿ.

ರಾಜ ಬಿಡಲಿಲ್ಲ. 1164ರಲ್ಲೇ ಇಸಬೆಲ್‌ಳನ್ನು ಹ್ಯಾಮೆಲಿನ್‌ಗೆ ಕೊಟ್ಟ. ಇವನೂ ರಾಜನ ಸೋದರನೇ, ಆದರೆ ಅಪ್ಪನ ಕಡೆಯಿಂದ ಮಾತ್ರ. ಆಂಜೂ ಪ್ರಾಂತ್ಯದ ಜೆಫ್ರಿಗೆ ಮದುವೆಯಾಚೆ ಹುಟ್ಟಿದವನು. ವಿಜೇತ ವಿಲಿಯಂನ ರಕ್ತ ಬಂದದ್ದು ರಾಜನ ತಾಯಿಯ ಕಡೆಯಿಂದ, ಹ್ಯಾಮೆಲಿನ್ ಆ ತಾಯಿಯ ಮಗನಲ್ಲ. ಬೆಕೆಟ್‌ನ ಅಡ್ಡಿ ಇಲ್ಲಿ ತಗಲುವುದೇ ಇಲ್ಲ. ಹುಟ್ಟಿನ ಕುಂದೇ ಅನುಕೂಲವಾಯಿತು.

ಹ್ಯಾಮೆಲಿನ್ ಅಪ್ಪಟ ಮನೆ ಅಳಿಯ. ಆಸ್ತಿ ಹೆಂಡತಿಯದು, ಅರ್ಲ್ ಪದವಿ ಹೆಂಡತಿಯದು, ಹೆಸರೂ ಹೆಂಡತಿಯದನ್ನೇ ಇಟ್ಟುಕೊಂಡ. ಕಾನಿಸ್ಬರೊದಲ್ಲಿ ಇವತ್ತೂ ನಿಂತಿರುವ ಬಿಳಿಕಲ್ಲಿನ ದುಂಡು ಗೋಪುರ, ಸುತ್ತ ಆರು ದಪ್ಪ ಆನಿಕೆಗಳು, ಅದು ಅವನು ಕಟ್ಟಿಸಿದ್ದು. 1164ರ ನಂತರದ ಎಲ್ಲ ವಾರೆನ್‌ಗಳೂ ಗಂಡು ಕಡೆಯಿಂದ ಆಂಜೂ ಮನೆಯವರು, ಹೆಸರಿನಲ್ಲಿ ಮಾತ್ರ ನಾರ್ಮನ್ನರು.

ತುಕ್ಕು ಹಿಡಿದ ಕತ್ತಿಯ ಕಥೆ ನಿಜವಾ?

ಕಥೆ ಹೀಗಿದೆ. ರಾಜ ಒಂದನೇ ಎಡ್ವರ್ಡ್ 1270ರ ದಶಕದ ಕೊನೆಯಲ್ಲಿ ಜಮೀನ್ದಾರರನ್ನೆಲ್ಲ ಕರೆಸಿ ‘ಯಾವ ಹಕ್ಕಿನಿಂದ ಈ ಅಧಿಕಾರ ಅನುಭವಿಸುತ್ತಿದ್ದೀರಿ, ಪತ್ರ ತೋರಿಸಿ’ ಅಂದ. ಆಗ ಅರ್ಲ್ ಜಾನ್ ಡಿ ವಾರೆನ್ ಒಂದು ಹಳೆಯ ತುಕ್ಕು ಹಿಡಿದ ಕತ್ತಿ ಎತ್ತಿ, ಇದೇ ನನ್ನ ಪತ್ರ, ನನ್ನ ಹಿರಿಯರು ವಿಲಿಯಂ ಜೊತೆ ಬಂದು ಕತ್ತಿಯಿಂದ ಗೆದ್ದ ನೆಲ ಇದು ಅಂದನಂತೆ. ಹೇಳಿದವನು ಗಿಸ್ಬರೊದ ವಾಲ್ಟರ್ ಎಂಬ ಚರಿತ್ರೆಕಾರ. ಕೋರ್ಟಿನ ದಾಖಲೆಯಲ್ಲಿ ಕತ್ತಿ ಇಲ್ಲ. ನಾನು ಇದನ್ನು ಒಳ್ಳೆಯ ಕಥೆ ಅಂತ ಇಟ್ಟುಕೊಂಡಿದ್ದೇನೆ.

ಆದರೆ ನಿಜವೇ ಅಂತ ಇಟ್ಟುಕೊಳ್ಳಿ. ಜಾನ್‌ನ ಅಪ್ಪ ನಾಲ್ಕನೇ ವಿಲಿಯಂ, ಅಜ್ಜ ಹ್ಯಾಮೆಲಿನ್. ಹ್ಯಾಮೆಲಿನ್‌ನ ಹಿರಿಯರು ಹೇಸ್ಟಿಂಗ್ಸ್‌ಗೆ ಬಂದವರಲ್ಲ, ಆಗ ಆಂಜೂ ಮತ್ತು ನಾರ್ಮಂಡಿ ಬದ್ಧವೈರಿಗಳು. ಕತ್ತಿಯ ಹಕ್ಕು ಬಂದದ್ದು ಅಜ್ಜಿ ಇಸಬೆಲ್‌ಳಿಂದ. ಅವನು ಎತ್ತಿ ತೋರಿಸಿದ್ದು ಅಜ್ಜಿಮನೆ ಕತ್ತಿ.

ಇದೇ ಜಾನ್ 1296ರಲ್ಲಿ ಡನ್‌ಬಾರ್‌ನಲ್ಲಿ ಸ್ಕಾಟ್ ರಾಜ ಜಾನ್ ಬೇಲಿಯಲ್‌ನ ಸೇನೆಯನ್ನು ಸೋಲಿಸಿದ. ಬೇಲಿಯಲ್ ಅವನ ಸ್ವಂತ ಅಳಿಯ, ಮಗಳ ಗಂಡ. ಮರುವರ್ಷ ಸ್ಟರ್ಲಿಂಗ್ ಸೇತುವೆಯಲ್ಲಿ ವಿಲಿಯಂ ವಾಲೇಸ್‌ನ ಕೈಯಲ್ಲಿ ಸೋತದ್ದೂ ಇವನೇ.

ನನಗೆ ಪರಿಚಯದ ಒಬ್ಬರ ಸರ್‌ನೇಮ್ ವಾರನ್. ಇದೇ ವಂಶವಾ? ವಾರನ್ ಹೇಸ್ಟಿಂಗ್ಸ್ ಕೂಡ?

ಹೆಸರು ನೋಡಿ ಹೇಳಲಾಗದು. ಹಳೆಯ ನಾರ್ಮನ್ ಭಾಷೆಯಲ್ಲಿ ‘ವಾರೆನ್’ ಅಂದರೆ ಬೇಟೆಗೆ ಮೀಸಲಿಟ್ಟ ಜಾಗ, ಮೊಲದ ಬಿಲಗಳಿರುವ ಬಯಲು. ಅಂಥ ಕಡೆ ವಾಸವಿದ್ದವರಿಗೂ ಅಲ್ಲಿ ಕಾವಲಿದ್ದವರಿಗೂ ಅದೇ ಹೆಸರು ಬಂದಿದೆ. ನಮ್ಮಲ್ಲಿ ‘ಗೌಡ’ ಅಂದವರೆಲ್ಲ ಒಂದೇ ಮನೆಯವರಾ?

ವಾರನ್ ಹೇಸ್ಟಿಂಗ್ಸ್ ಗೊತ್ತಲ್ಲ, ಹೈದರಾಲಿ ಜೊತೆ ಎರಡನೇ ಮೈಸೂರು ಯುದ್ಧ ನಡೆದಾಗ ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್. ಅವನ ಹೆಸರು ತಾಯಿ ಹೆಸ್ಟರ್ ವಾರನ್‌ಳ ಮನೆತನದ್ದು. ಹೆಸರಿನ ಎರಡು ತುಂಡೂ ನಾರ್ಮನ್ ಕಥೆಯಂತೆ ಕೇಳುತ್ತದೆ. ಅದನ್ನು ವಂಶಾವಳಿ ಅಂತ ತಿಳಿಯಬೇಡಿ.

1782ರಲ್ಲಿ ಜಾನ್ ವಾಟ್ಸನ್ ಎಂಬ ಪಾದ್ರಿ ಸರ್ರಿಯ ಅರ್ಲ್‌ಗಳ ಬಗ್ಗೆ ಎರಡು ದಪ್ಪ ಸಂಪುಟ ಪ್ರಕಟಿಸಿದ. ಚೆಷೈರ್‌ನ ಪಾಯ್ನ್‌ಟನ್‌ನಲ್ಲಿದ್ದ ಸರ್ ಜಾರ್ಜ್ ವಾರನ್ ಅರ್ಲ್ ಪದವಿಗೆ ಹಕ್ಕುದಾರ ಅಂತ ತೋರಿಸುವುದು ಅದರ ಉದ್ದೇಶ. ಪುಸ್ತಕ ಸುಂದರವಾಗಿದೆ, ಚಿತ್ರಗಳೂ ಇವೆ. ಪದವಿ ಸಿಗಲಿಲ್ಲ. ಅಂತರ್ಜಾಲದ ಎಷ್ಟೋ ವಂಶವೃಕ್ಷಗಳಲ್ಲಿ ಅದರ ಕೊಂಬೆಗಳು ಇನ್ನೂ ನೇತಾಡುತ್ತಿವೆ.

ಕೊನೆಗೆ ಈ ಮನೆ ಹೇಗೆ ಮುಗಿಯಿತು?

ಮುರಿಯಲಾಗದ ಒಂದು ಮದುವೆಯಿಂದ. ಕೊನೆಯ ಅರ್ಲ್ ಇನ್ನೊಬ್ಬ ಜಾನ್, ಕತ್ತಿ ಜಾನ್‌ನ ಮೊಮ್ಮಗ. 1306ರಲ್ಲಿ, ಅವನಿಗೆ ಇಪ್ಪತ್ತು ತುಂಬುವ ಮೊದಲೇ, ರಾಜ ಎಡ್ವರ್ಡ್‌ನ ಮೊಮ್ಮಗಳು ಜೋನ್ ಜೊತೆ ಮದುವೆ ಮಾಡಿಸಿದರು. ಹುಡುಗಿಗೆ ಹತ್ತು ವರ್ಷದ ಆಸುಪಾಸು. ಸಂಸಾರ ಕೂಡಲೇ ಇಲ್ಲ. ಜಾನ್ ಮಾಡ್ ಎಂಬವಳ ಜೊತೆ ಇದ್ದ, ಗಂಡುಮಕ್ಕಳೂ ಆದರು. ಅವರಿಗೆ ಹಕ್ಕು ಬರಬೇಕಾದರೆ ಮೊದಲ ಮದುವೆ ರದ್ದಾಗಬೇಕು.

ಜಾನ್ ಹಳೆಯ ಏಣಿಯನ್ನೇ ಹಿಡಿದ. ತಾನು ಮತ್ತು ಜೋನ್ ನೆಂಟರು, ಮದುವೆ ಸಲ್ಲದು! ಲೆಕ್ಕ ಹಾಕಿ ನೋಡಿ. ಜಾನ್‌ನ ಅಪ್ಪ ವಿಲಿಯಂ, ಅಜ್ಜಿ ಆಲಿಸ್, ಆಲಿಸ್‌ಳ ತಾಯಿ ಅಂಗುಲೇಮ್‌ನ ಇಸಬೆಲ್ಲಾ, ಮೂರು ಮೆಟ್ಟಿಲು. ಜೋನ್‌ಳ ತಾಯಿ ಎಲಿನೋರ್, ಅಜ್ಜ ಎಡ್ವರ್ಡ್, ಅವನ ಅಪ್ಪ ಮೂರನೇ ಹೆನ್ರಿ, ಹೆನ್ರಿಯ ತಾಯಿ ಅದೇ ಇಸಬೆಲ್ಲಾ, ನಾಲ್ಕು ಮೆಟ್ಟಿಲು. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಚರ್ಚು ಕೇಳಲಿಲ್ಲ, ಎದುರಿಗಿದ್ದದ್ದು ರಾಜನ ಮನೆಯ ಹೆಣ್ಣು. ದಶಕಗಟ್ಟಲೆ ಹೋರಾಡಿ, ಕೊನೆಗೆ ಮದುವೆಗೆ ಮುಂಚೆ ಜೋನ್‌ಳ ಚಿಕ್ಕಮ್ಮ ಮೇರಿಯ ಜೊತೆ ತನಗೆ ಸಂಬಂಧವಿತ್ತು ಅಂತಲೂ ಹೇಳಿಕೊಂಡ. ಮೇರಿ ಸನ್ಯಾಸಿನಿ, ಅಷ್ಟರಲ್ಲಿ ತೀರಿಹೋಗಿದ್ದಳು. ಅದೂ ಫಲಿಸಲಿಲ್ಲ.

1347ರ ಜೂನ್‌ನಲ್ಲಿ ಜಾನ್ ಕಾನಿಸ್ಬರೊದಲ್ಲಿ ಸತ್ತ. ಲೂಯಿಸ್ ಮತ್ತು ದಕ್ಷಿಣದ ಆಸ್ತಿ ತಂಗಿ ಆಲಿಸ್‌ಳ ಮಗ ರಿಚರ್ಡ್ ಫಿಟ್ಸ್‌ಆಲನ್ ಪಾಲಾಯಿತು. ಸರ್ರಿಯ ಅರ್ಲ್ ಅನ್ನೋ ಪದವಿಗೆ ಮಾತ್ರ ಅವನು ಕಾಯಬೇಕಾಯಿತು. ಬೇಡವಾದ ಹೆಂಡತಿ ಜೋನ್ 1361ರವರೆಗೂ ಬದುಕಿದ್ದಳು. ಅವಳು ಸತ್ತ ಮೇಲೆ ರಿಚರ್ಡ್ ಪದವಿ ತೆಗೆದುಕೊಂಡ, ಚೌಕದ ಲಾಂಛನವೂ ಆ ಮನೆಗೇ ಹೋಯಿತು. ಹ್ಯಾಮೆಲಿನ್‌ನಂತೆ ವಾರೆನ್ ಅನ್ನೋ ಹೆಸರನ್ನು ಮಾತ್ರ ಈ ಸಲ ಯಾರೂ ಇಟ್ಟುಕೊಳ್ಳಲಿಲ್ಲ.